ಎರಡು ರೆಕ್ಕೆಗಳ ನಡುವಿನ ಗೇಣು

ಓರ್ಮ್‌ವಿಲ್
೧೨ ಏಪ್ರಿಲ್ ೧೯೩೬, ಈಸ್ಟರ್ ಭಾನುವಾರ

ನನ್ನ ತಂಗಿಯ ಮಗಳು, ನನ್ನ ಕಣ್ಣು, ಸೊಲಾಂಜ್‌ಗೆ,

ಈ ಪತ್ರ ಲಿಮೋಜ್ ಅಂಚೆ ಕಚೇರಿಯಲ್ಲಿ ನಿನಗಾಗಿ ಕಾದಿರುತ್ತದೆ. ಕೊಡುವ ಗುಮಾಸ್ತನಿಗೆ ಹೇಳು, ಇದನ್ನು ಬರೆದ ಕೈ ಇವತ್ತು ಬೆಳಿಗ್ಗೆ ಆಕಾಶದಲ್ಲಿತ್ತು ಎಂದು. ಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಚರ್ಚಿನ ಗೋಪುರದ ಸುತ್ತ ಎರಡು ಸುತ್ತು ಹೊಡೆದೆ. ಒಳಗೆ ಊರಿಗೆ ಊರೇ ಮೊಣಕಾಲೂರಿ ಕೂತಿತ್ತು. ಅದು ದೇವರಿಗೋ ನನಗೋ ಎಂದು ಕೇಳಬೇಡ, ನಾನು ಸಂಕೋಚದ ಮನುಷ್ಯ. ಗೋಪುರದ ತುದಿಯ ತಗಡಿನ ಹುಂಜ ನನ್ನನ್ನು ಕಂಡು ಕತ್ತು ತಿರುಗಿಸಿತು. ಅದು ಗಾಳಿಗೆ ತಿರುಗಿದ್ದು ಎನ್ನುತ್ತಾನೆ ಬಾರ್ನಬೆ. ಅವನಿಗೇನು ಗೊತ್ತು, ಲಾರಿಯವನು, ಜನ್ಮದಲ್ಲಿ ನೆಲ ಬಿಟ್ಟು ಮೊಳದೆತ್ತರ ಹೋದವನಲ್ಲ.

ನೀನು ನಿನ್ನ ವಿಮಾನವನ್ನು ಆ ರೆಮಿಯ ಮೋಟಾರಿನ ಹಿಂದೆ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ಹಾರಾಟ ತೋರಿಸಲು ಹೊರಟು ತಿಂಗಳಾಯಿತು. ಮನೆಯಲ್ಲಿ ಸೂಪಿಗೆ ಉಪ್ಪು ಹಾಕುವವರಿಲ್ಲ. ಹಾಕಿದರೆ ನಾನೇ ಎರಡು ಸಲ ಹಾಕುತ್ತೇನೆ. ಅದಿರಲಿ. ನಾನು ಕಟ್ಟಿದ್ದು ಹೇಗೆ ಹಾರುತ್ತಿದೆ? ದೇಶದ ಕೊಟ್ಟಿಗೆ ಕೊಟ್ಟಿಗೆಯಲ್ಲಿ ಈಗ ಜನ ಪುಸ್ತಕ ನೋಡಿಕೊಂಡು ಆಕಾಶದ ಹೇನು ಎಂಬ ಪುಟ್ಟ ವಿಮಾನ ಕಟ್ಟುತ್ತಿದ್ದಾರಂತೆ. ಕಟ್ಟಲಿ. ಮುಂದಿನ ರೆಕ್ಕೆ ಮೇಲೆ, ಹಿಂದಿನ ರೆಕ್ಕೆ ಕೆಳಗೆ, ನಡುವೆ ಮೋಟಾರ್ ಸೈಕಲ್ಲಿನ ಎಂಜಿನ್ನು, ಹಿಡಿಯಲು ಒಂದೇ ಕೋಲು. ಎಳೆದರೆ ಮೂಗು ಮೇಲೆ, ನೂಕಿದರೆ ಕೆಳಗೆ. ಮಗು ಕೂಡ ಕಟ್ಟಬಹುದು. ಆದರೆ ಅವರದ್ದು ಹೇನು, ನಮ್ಮದು ದುಂಬಿ. ಯಾಕೆಂದರೆ ಆ ಪುಸ್ತಕ ಎರಡು ರೆಕ್ಕೆಗಳ ನಡುವೆ ಬೆಕ್ಕು ನುಸುಳುವಷ್ಟು ಸಂದು ಬಿಡಲು ಹೇಳುತ್ತದೆ. ನಾನು ಗಾಡಿಚಕ್ರದ ಬಡಗಿಯ ಮಗ. ನಮ್ಮಪ್ಪ ಚಕ್ರದ ಕೀಲಿನಲ್ಲಿ ಹುಲ್ಲುಕಡ್ಡಿ ತೂರಿದರೆ ಆ ಚಕ್ರವನ್ನೇ ಒಡೆದು ಒಲೆಗೆ ಹಾಕುತ್ತಿದ್ದ. ನನ್ನ ಕೈಯಲ್ಲಿ ಅಷ್ಟು ದೊಡ್ಡ ಸಂದು ಬರುತ್ತದೆಯೇ? ಒಂದು ಗೇಣು ಕಿರಿದು ಮಾಡಿ ರೆಕ್ಕೆಗೆ ರೆಕ್ಕೆ ಜೋಡಿಸಿದೆ. ನೋಡಲು ಮುಚ್ಚಿದ ಪೆಟ್ಟಿಗೆಯ ಹಾಗೆ ಎಷ್ಟು ಅಚ್ಚುಕಟ್ಟು! ರೆಮಿ ನಿನ್ನದರ ಅಳತೆ ತೆಗೆದು ತನ್ನದನ್ನು ಕಟ್ಟಿಕೊಂಡನಲ್ಲ, ಅವನಿಗೂ ಒಳ್ಳೆಯದೇ ಆಯಿತು. ನನಗೆ ಗುರುದಕ್ಷಿಣೆ ಕೊಟ್ಟಿಲ್ಲ ಅಷ್ಟೆ.

ವಿಮಾನದ ಮೂಗಿನ ಪಂಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡ. ನಿನ್ನಮ್ಮ ಕ್ಲೆಮಾಂಸ್ ಯಾವುದರ ಕೆಳಗೆ ಬಟಾಣಿ ಸುಲಿಯುತ್ತಾ ಕೂರುತ್ತಿದ್ದಳೋ ಆ ಆಕ್ರೋಟ ಮರದ್ದು ಅದು. ಒಂದೇ ಹಲಗೆಯಿಂದ ಎರಡು ಪಂಖ ಕೆತ್ತಿದ್ದೇನೆ, ನಿನಗೊಂದು ನನಗೊಂದು. ನನ್ನದನ್ನು ಬಾರ್ನಬೆ ಮುಟ್ಟಿದರೂ ಕೈಗೆ ಹೊಡೆಯುತ್ತೇನೆ.

ಓರ್ಮ್‌ವಿಲ್‌ನ ಆಕಾಶಾಧಿಪತಿ,
ನಿನ್ನ ಮಾವ ಒನೇಸಿಮ್


ಪೆರಿಗೋ
೨೭ ಏಪ್ರಿಲ್ ೧೯೩೬

ಪ್ರೀತಿಯ ಮಾವ,

ನಿನ್ನ ಪತ್ರವನ್ನು ಹೋಟೆಲಿನ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ತಗಡಿನ ಹುಂಜದ ಜಾಗಕ್ಕೆ ಬಂದಾಗ ಹೋಟೆಲಿನವಳು ನಕ್ಕೂ ನಕ್ಕೂ ಸಾರಿನ ಪಾತ್ರೆ ಕೆಳಗಿಟ್ಟಳು. ನಮಗೆ ಈಗ ಹೋದ ಊರಲ್ಲೆಲ್ಲ ಊಟದ ಮೇಲೆ ನಿನ್ನದೊಂದು ಕಥೆ ಆಗಲೇಬೇಕು. ನೀನು ಬರಿಗೈಯಲ್ಲಿ ತೋಳ ಹಿಡಿದದ್ದು, ಯುದ್ಧದಲ್ಲಿ ಜರ್ಮನ್ ಜನರಲ್ಲನಿಗೆ ಗಾಡಿ ಮಾರಿದ್ದು. ಎಲ್ಲಕ್ಕಿಂತ ಹೆಚ್ಚು ಕೇಳುವುದು ಹೋದ ಚಳಿಗಾಲದ್ದು. ‘ಮಾವ ಸಾಯುತ್ತಿದ್ದಾರೆ, ಕೂಡಲೇ ಬಾ’ ಎಂದು ತಂತಿ ಕೊಟ್ಟು, ನಾನು ಪ್ಯಾರಿಸಿನ ಕೆಲಸ ಬಿಟ್ಟು ಅಳುತ್ತಾ ಓಡಿ ಬಂದರೆ, ಬಾರ್ನಬೆ ಡಾಕ್ಟರ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು “ರೋಗಿಗೆ ಹೆಬ್ಬಾತಿನ ಕಾಲು ತಿನ್ಸಿದೀನಿ, ಇನ್ನೊಂದು ಕಾಲು ನಿಂಗಿಟ್ಟಿದೀನಿ” ಅಂದಿದ್ದು. ನಾನು ಅಭಿನಯಿಸಿ ತೋರಿಸುತ್ತೇನೆ. ರೆಮಿ ಪ್ರತಿ ಸಲವೂ ಹೊಸದಾಗಿ ಕೇಳಿದವನ ಹಾಗೆ ಮೇಜು ಗುದ್ದುತ್ತಾನೆ.

ದುಂಬಿ ಚೆನ್ನಾಗಿ ಹಾರುತ್ತಿದೆ. ನಾನು ನೆಟ್ಟಗೆ ಹಾರಿ ಕರವಸ್ತ್ರ ಬೀಸುತ್ತೇನೆ, ಅಷ್ಟೆ. ಜನ ಕಾಯುವುದು ರೆಮಿಗೆ. ಅವನು ಮೂಗು ಕೆಳಗೆ ಮಾಡಿ ಜನರ ತಲೆಯ ಕಡೆಗೆ ಸ್ವಲ್ಪ ಜಾರಿ ಎದ್ದುಬಿಡುತ್ತಾನೆ. ಹೆಂಗಸರು ಕಿರುಚುತ್ತಾರೆ, ನಾನೂ. ಇನ್ನೂ ಕಡಿದಾಗಿ, ಇನ್ನೂ ಎತ್ತರದಿಂದ ಬೀಳುವ ಆಸೆ ಅವನಿಗೆ. ಅದನ್ನು ಸಂತ ಜಾನನ ಹಬ್ಬಕ್ಕೆ ಇಟ್ಟುಕೊಂಡಿದ್ದಾನೆ. ಜೂನ್ ಇಪ್ಪತ್ನಾಲ್ಕಕ್ಕೆ ಅವನ ಊರು ಮೊಂಬ್ರಾಕ್‌ನಲ್ಲಿ ನಮ್ಮ ಆಟ. ಅವನ ಅಮ್ಮ ಅವನು ಹಾರುವುದನ್ನು ಒಮ್ಮೆಯೂ ನೋಡಿಲ್ಲ.

ಸೆಪ್ಟೆಂಬರಿನಲ್ಲಿ ರೆಮಿಯ ಜೊತೆ ನನ್ನ ಮದುವೆ ಮಾವ. ನೀನು ನನ್ನ ಕೈ ಹಿಡಿದು ಚರ್ಚಿನೊಳಗೆ ಕರೆದುಕೊಂಡು ಹೋಗಬೇಕು, ಗೋಪುರದ ಮೇಲಿನಿಂದಲ್ಲ.

ನಿನ್ನ
ಸೊಲಾಂಜ್


ಓರ್ಮ್‌ವಿಲ್
೧೧ ಮೇ ೧೯೩೬

ಮಗಳೇ,

ಯಾರಾದರೂ ಬಾಯಿ ಹರಕರು ನಿನಗೆ ಬರೆಯುವ ಮುಂಚೆ ನಾನೇ ಬರೆಯುತ್ತಿದ್ದೇನೆ. ಒಂದು ಸಣ್ಣ ಕದನವಾಯಿತು. ನಿನ್ನೆ ಕುರಿ ಮೇಯುವ ಬಯಲಿನ ಮೇಲೆ ಹಾರುತ್ತಿದ್ದೆ. ರೊಟ್ಟಿ ಅಂಗಡಿಯ ಎರ್ನೆಸ್ತೀನ್ ಕೆಳಗಿನಿಂದ ಕೈ ಬೀಸಿದಳು. ಹೆಂಗಸು ಕೈ ಬೀಸಿದರೆ ಉತ್ತರ ಕೊಡಬೇಕಾದದ್ದು ಧರ್ಮ, ಮೂಗು ತಗ್ಗಿಸಿ ನಮಸ್ಕಾರ ಹೇಳಲು ಹೋದೆ. ಅದೇ ಗಳಿಗೆಗೆ ನೂರು ಕವುಜುಗ ಹಕ್ಕಿಗಳು ಗೋಧಿ ಹೊಲದಿಂದ ಎದ್ದು ನನ್ನ ಮೇಲೆ ದಂಡೆತ್ತಿ ಬಂದವು. ಒಂದು ಕನ್ನಡಕದ ಮೇಲೆ, ಒಂದು ಬಾಯಿಯಲ್ಲಿ. ನಾನು ಯೋಧನಂತೆ ಹೋರಾಡುತ್ತಲೇ ಕೆರೆಯ ಕೆಸರಿಗೆ ಇಳಿದೆ. ಇಳಿದೆ ಎಂದೇ ಹೇಳು, ಬಿದ್ದೆ ಎನ್ನಬೇಡ.

ತೊಡೆಯ ಮೂಳೆ ಮುರಿದಿದೆ. ಡಾಕ್ಟರು, ಈ ಸಲ ನಿಜವಾದವನು, ಕಾಲಿಗೆ ಕಲ್ಲು ಕಟ್ಟಿ ಮಂಚಕ್ಕೆ ತೂಗುಹಾಕಿದ್ದಾನೆ. ವಿಮಾನದ ಮೈ ಸ್ವಲ್ಪ ಸೊಟ್ಟಗಾಗಿದೆ. ಪಂಖಕ್ಕೆ ಗೀರೂ ಇಲ್ಲ, ಕೆಸರಿಗೆ ಮರ್ಯಾದೆ ಗೊತ್ತು.

ಕವುಜುಗಗಳ ವೈರಿ,
ಒನೇಸಿಮ್


ಓರ್ಮ್‌ವಿಲ್
೩೦ ಮೇ ೧೯೩೬

ಸೊಲಾಂಜ್,

ಮಲಗಿದ್ದವನಿಗೆ ತೊಲೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ತೊಲೆ ನೋಡುತ್ತಾ ನೋಡುತ್ತಾ ಒಂದು ಮಾತು ತಲೆಯಲ್ಲಿ ಕೂತು ಏಳುತ್ತಿಲ್ಲ. ಕವುಜುಗ ಇರಲಿಲ್ಲ. ಒಂದೂ ಇರಲಿಲ್ಲ. ನಾನು ಮೂಗು ತಗ್ಗಿಸಿದೆ, ತಗ್ಗಿತು. ಎತ್ತಲು ಕೋಲು ಎಳೆದೆ. ಮೂಗು ಮೇಲೇಳಬೇಕಾದದ್ದು ಇನ್ನೂ ಕೆಳಗೆ ಹೋಯಿತು. ಹೊಟ್ಟೆಗೆ ತಾಗುವವರೆಗೆ ಎಳೆದೆ. ಎಳೆದಷ್ಟೂ ಕೆಳಗೆ. ತಗ್ಗಿನಲ್ಲಿ ಹಾರುತ್ತಿದ್ದೆ, ಕೆಳಗೆ ಕೆಸರಿತ್ತು, ಬದುಕಿದೆ.

ಆ ಕಿರಿದು ಮಾಡಿದ ಸಂದೇ ಇದಕ್ಕೆ ಕಾರಣ ಎಂದು ನನಗೆ ಅನ್ನಿಸುತ್ತಿದೆ. ಮೂಗು ಸ್ವಲ್ಪ ತಗ್ಗಿದಾಗ ಏನೂ ಆಗುವುದಿಲ್ಲ, ಅದಕ್ಕೇ ಈವರೆಗೆ ನೀವು ಬದುಕಿದ್ದೀರಿ. ಹೆಚ್ಚು ತಗ್ಗಿದರೆ ಗಾಳಿ ಎರಡು ರೆಕ್ಕೆಗಳ ನಡುವೆ ಸಿಕ್ಕಿಕೊಂಡು, ಕಿಟಕಿಯ ಬಿರುಕಿನಲ್ಲಿ ನುಗ್ಗುವ ಹಾಗೆ ಜೋರಾಗಿ ನುಗ್ಗಿ ಹಿಂದಿನ ರೆಕ್ಕೆಯನ್ನು ಮೇಲೆತ್ತುತ್ತದೆ. ಹಿಂಭಾಗ ಎದ್ದರೆ ಮೂಗು ಇಳಿಯಲೇಬೇಕು. ಮೂರು ವಿಮಾನಕ್ಕೂ ಒಂದೇ ಅಳತೆ. ರೆಮಿ ಹಬ್ಬಕ್ಕೆ ಮಾಡಬೇಕೆಂದಿರುವುದು ಇದನ್ನೇ, ಕಡಿದಾಗಿ, ಎತ್ತರದಿಂದ.

ನೀವಿಬ್ಬರೂ ಹಾರಬೇಡಿ. ಕಾಲು ಬಿಚ್ಚಿದ ದಿನ ನಾನೇ ಬಂದು ಒಂದು ಗೇಣು ಅಗಲ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ನೆಲದ ಮೇಲಿರಿ. ಇದರಲ್ಲಿ ಕಥೆಯಿಲ್ಲ ಮಗಳೇ.

ಮಾವ


ಅಜಾಂ
೬ ಜೂನ್ ೧೯೩೬

ಪ್ರೀತಿಯ ಮಾವ,

ನಿನ್ನ ಕಾಲು ಮುರಿದದ್ದು ನಿಜ ಎಂದು ಎರ್ನೆಸ್ತೀನಳಿಗೆ ಬರೆದು ಕೇಳಿ ಖಚಿತ ಮಾಡಿಕೊಂಡೆ. ಕ್ಷಮಿಸು, ಕೇಳಲೇಬೇಕಾಯಿತು. ನೋವಾಗಿದೆ ಎಂದು ಓದಿ ಅತ್ತೆ. ಆದರೆ ಮಾವ, ಇದರ ಹಿಂದಿನ ಪತ್ರದಲ್ಲಿ ನಿನ್ನ ಮೇಲೆ ನೂರು ಹಕ್ಕಿ ದಂಡೆತ್ತಿ ಬಂದಿದ್ದವು. ಈಗ ಗಾಳಿ ಬಂದಿದೆ. ಮುಂದಿನ ಪತ್ರದಲ್ಲಿ ಏನು ಬರುತ್ತದೆ?

ನನಗೆ ಗೊತ್ತು ನಿನಗೇನಾಗಿದೆ ಎಂದು. ಮಂಚದಲ್ಲಿ ಒಬ್ಬನೇ ಬಿದ್ದಿದ್ದೀಯ, ಸೂಪಿಗೆ ಉಪ್ಪಿಲ್ಲ, ನಾನು ಬರಬೇಕು. ಹೋದ ಸಲ ಸಾಯುತ್ತಿದ್ದೇನೆ ಎಂದೆ. ಈ ಸಲ ನಾನು ಸಾಯುತ್ತೇನೆ ಎನ್ನುತ್ತಿದ್ದೀಯ. ರೆಮಿಗೆ ಓದಿ ಹೇಳಿದೆ.

“ನಿಮ್ಮ ಮಾವಂಗೆ ನನ್ನ ಕಂಡ್ರೆ ಆಗಲ್ಲ ಅಷ್ಟೇ ಕಣೇ,” ಎಂದ. “ತನ್ನ ಕೈಯಿಂದ ಕೆಟ್ಟದ್ದಾಯ್ತು ಅಂತ ಆ ಮನುಷ್ಯ ಒಪ್ಕೊಂಡಿದ್ದು ಹುಟ್ಟಿದಾಗಿಂದ ಇದೇ ಮೊದಲು. ಅದಕ್ಕೇ ನಂಬಕ್ಕಾಗ್ತಿಲ್ಲ.”

ಸಂತ ಜಾನನ ಹಬ್ಬ ಮುಗಿದ ಕೂಡಲೇ ನಿನ್ನ ಹತ್ತಿರ ಬರುತ್ತೇನೆ, ತಿಂಗಳು ಇರುತ್ತೇನೆ. ಮಾತು ಕೊಟ್ಟೆ.

ಸೊಲಾಂಜ್


ಓರ್ಮ್‌ವಿಲ್
೧೨ ಜೂನ್ ೧೯೩೬

ಸೊಲಾಂಜ್,

ನಿನ್ನ ಪತ್ರ ಓದಿದ ಮೇಲೆ ಬಾರ್ನಬೆಯನ್ನು ಕರೆಸಿದೆ. ನೀನು ನಂಬದಿದ್ದರೆ ಹೋಗಲಿ, ಮರ ಮತ್ತು ಗಾಳಿ ಏನು ಹೇಳುತ್ತವೋ ಕೇಳೋಣ ಎಂದೆ. ವಿಮಾನದ ಸೊಟ್ಟ ಮೈಯನ್ನು ಅವನ ಕೈಯಲ್ಲೇ ನೇರ ಮಾಡಿಸಿ, ರೆಕ್ಕೆ ಕೂರಿಸಿ, ಲಾರಿಯ ಮೇಲೆ ನಡುವಿಗೊಂದು ಅಚ್ಚು ಕೊಟ್ಟು ತಕ್ಕಡಿಯ ಹಾಗೆ ನಿಲ್ಲಿಸಿದೆವು, ಮೂಗು ಮೇಲೆ ಕೆಳಗೆ ಆಡುವಂತೆ. ಕೋಲಿಗೆ ಹಗ್ಗ ಕಟ್ಟಿದೆ. ಡಾಕ್ಟರು ಪಕ್ಕದೂರಿಗೆ ಹೋದದ್ದು ನೋಡಿಕೊಂಡು ಕಾಲಿನ ಕಲ್ಲು ಬಿಚ್ಚಿಸಿ, ಹಾಸಿಗೆ ಸಮೇತ ನನ್ನನ್ನು ಲಾರಿಯ ಹಿಂದೆ ಹಾಕಿಸಿಕೊಂಡೆ.

“ಒನೇಸಿಮ್, ಹಿಂಗೆ ಹೊತ್ಕೊಂಡ್ ಹೋದ್ರೆ ನೋಡ್ದೋರು ಹೆಣ ಅಂದ್ಕೋತಾರೆ.”

“ಅಂದ್ಕೊಳ್ಳಲಿ. ಓಡ್ಸು.”

“ಹೆಣ ಬಯ್ಯೋದನ್ನ ಇವತ್ತೇ ನೋಡಿದ್ದು ಕಣಪ್ಪ.”

ಷಾರ್ತ್ರ್ ಕಡೆಯ ರಸ್ತೆ ನಿನಗೆ ಗೊತ್ತಲ್ಲ, ಗೋಧಿಯ ನಡುವೆ ದಾರ ಎಳೆದ ಹಾಗಿದೆ. ಲಾರಿ ಎಷ್ಟು ಓಡುತ್ತದೋ ಅಷ್ಟು ಓಡಿಸಿದ. ನನ್ನ ಹಲ್ಲು ಒಂದಕ್ಕೊಂದು ಬಡಿಯುತ್ತಿತ್ತು, ತೊಡೆಯಲ್ಲಿ ಬೆಂಕಿ. ಮೂಗನ್ನು ಗಟ್ಟಿಯಾಗಿ ಕೆಳಗೆ ಒತ್ತಿ ಬಿಟ್ಟು ಹಗ್ಗ ಎಳೆದೆ.

“ಎಳ್ದ್ಯಾ?” ಎಂದು ಮುಂದಿನಿಂದ ಕೂಗಿದ.

“ಎಳ್ದೆ!”

“ಮತ್ಯಾಕಯ್ಯಾ ಹಲಗೆ ಕುಟ್ತಾ ಇದೆ ಅದು?”

ಎಳೆದಷ್ಟೂ ಮೂಗು ಲಾರಿಯ ಹಲಗೆಗೆ ಬಡಿಯಿತು. ಇನ್ನೊಂದು ಸಲ, ಮತ್ತೊಂದು ಸಲ. ಬಾರ್ನಬೆ ಲಾರಿ ನಿಲ್ಲಿಸಿ ಇಳಿದು ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ. ನಾನು ಅವನ ಮುಖವನ್ನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ, ನಗು ಇಲ್ಲದೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮುಂದಿನ ರೆಕ್ಕೆಯ ಕಂಬಕ್ಕೆ ಮರದ ದಿಮ್ಮಿ ಕೊಟ್ಟು ಒಂದು ಗೇಣು ಮೇಲೆ ಮಾಡಿಸಿದೆ, ಪುಸ್ತಕದಲ್ಲಿ ಇದ್ದ ಹಾಗೆ. ವಾಪಸು ಬರುವಾಗ ಅಷ್ಟೇ ಒತ್ತಿ ಬಿಟ್ಟು ಎಳೆದೆ. ಮೂಗು ಒಳ್ಳೆಯ ಹಸುವಿನ ಹಾಗೆ ತಲೆ ಎತ್ತಿತು. ಅಷ್ಟೇ ಮಗಳೇ, ಒಂದು ಗೇಣು. ಗರಗಸ, ನಾಲ್ಕು ಬೋಲ್ಟು, ಒಂದು ಮಧ್ಯಾಹ್ನದ ಕೆಲಸ. ರೆಮಿ ನನಗಿಂತ ಚೆನ್ನಾಗಿ ಮಾಡುತ್ತಾನೆ. ನಾನು ಹಾಗೆ ಬರೆದೆ ಎಂದು ಅವನಿಗೆ ಹೇಳು. ಅವನ ಕಾಲು ಹಿಡಿಯುತ್ತೇನೆ ಎಂದು ಹೇಳು.

ಲಾರಿಯ ಕುಲುಕಾಟಕ್ಕೆ ಕೂಡುತ್ತಿದ್ದ ಮೂಳೆ ಮತ್ತೆ ಜಾರಿದೆ, ಜ್ವರ ಬಂದಿದೆ. ಡಾಕ್ಟರು ಬಯ್ದು ಬಯ್ದು ಸುಸ್ತಾಗಿ ಹೋದ. ರೈಲಿಗೆ ಹೊತ್ತು ಹಾಕಿ ಎಂದು ಬೇಡಿಕೊಂಡೆ, ದಾರಿಯಲ್ಲೇ ಸಾಯುತ್ತೀಯ ಎಂದ. ಅವನು ಸುಳ್ಳು ಹೇಳುವವನಲ್ಲ. ಬಾರ್ನಬೆ ತಾನು ಹೋಗುತ್ತೇನೆ ಎಂದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಡಾಕ್ಟರ ಕೋಟು ಹಾಕಿ ಬಾಗಿಲಲ್ಲಿ ನಿಂತವನ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ?

ಉತ್ತರ ಬರೆ. ತಂತಿಯನ್ನೂ ಕೊಟ್ಟಿದ್ದೇನೆ.

ಮಾವ


ಓರ್ಮ್‌ವಿಲ್
೧೭ ಜೂನ್ ೧೯೩೬

ಸೊಲಾಂಜ್,

ತಂತಿಗೆ ನೀನು ಕೊಟ್ಟ ಉತ್ತರ ಬಂತು: ‘ಹೆಬ್ಬಾತಿನ ಕಾಲು ತಿನ್ನು, ಹಬ್ಬ ಮುಗಿಸಿ ಬರುತ್ತೇವೆ.’ ಓದಿದ ಎರ್ನೆಸ್ತೀನ್ ನಕ್ಕಳು. ನಾನು ಅವಳನ್ನು ಬಯ್ಯಲಿಲ್ಲ.

ಮಾತು ಮುಗಿಯಿತು. ಇನ್ನು ನಾನು ಏನು ಬರೆದರೂ ಅದು ಒನೇಸಿಮ್ ಬರೆದದ್ದೇ ಆಗುತ್ತದೆ. ಅದಕ್ಕೆ ಇದರ ಜೊತೆ ರೈಲಿನಲ್ಲಿ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಮೊಂಬ್ರಾಕ್‌ನಲ್ಲಿ ರೆಮಿಯ ಅಮ್ಮನ ಮನೆಗೆ ಬರುತ್ತದೆ. ನೀನೇ ಬಿಚ್ಚು. ನಿನ್ನ ವಿಮಾನದ ಪಕ್ಕದಲ್ಲಿ ಇಟ್ಟು ನೋಡು.

ಮಾವ


ಮೊಂಬ್ರಾಕ್
೨೬ ಜೂನ್ ೧೯೩೬

ಮಾವ,

ಪಾರ್ಸೆಲ್ ಹಬ್ಬದ ಹಿಂದಿನ ದಿನ ಬಂತು. ಗೋಣಿ ಬಿಚ್ಚಿದಾಗ ಏನೆಂದು ತಿಳಿಯಲಿಲ್ಲ. ಆಮೇಲೆ ಆಕ್ರೋಟದ ವಾಸನೆ ಬಂತು. ನಿನ್ನ ಪಂಖದ ಅರ್ಧ. ನಡುವಿಗೇ ಗರಗಸ ಹಾಕಿದ್ದೀಯ. ನನ್ನ ಪಂಖದ ಪಕ್ಕ ಹಿಡಿದು ನೋಡಿದೆ, ಮರದ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದುಹೋಗುತ್ತಿದ್ದವು, ಅದೇ ಗಂಟು ಎರಡರಲ್ಲೂ. ಆ ಮರಕ್ಕೆ ನೀನು ತಮಾಷೆಗೆ ಗರಗಸ ಹಾಕುವವನಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ನೀನು ಬರೆದ ಎಲ್ಲವನ್ನೂ ಮೊದಲ ಸಲ ಓದಿದ ಹಾಗೆ ಮತ್ತೆ ಓದಿದೆ.

ನಾನು ನಂಬಿದೆ ಮಾವ. ಮೊದಲು ಅದು ನಿನಗೆ ತಿಳಿಯಲಿ.

ರೆಮಿಗೆ ಹೇಳಿದೆ. ಅವನು ಆ ತುಂಡನ್ನು ಊಟದ ಮೇಜಿನ ಮೇಲೆ ರೊಟ್ಟಿಯ ಪಕ್ಕ ಇಟ್ಟ. ಅವನ ಅಣ್ಣ, ಗೆಳೆಯರು ಎಲ್ಲ ಇದ್ದರು.

“ನೋಡ್ರಪ್ಪಾ, ತೋಳ ಹಿಡ್ದೋರು ಮರದ ತುಂಡು ಕಳ್ಸಿದಾರೆ, ನಾನು ಹಾರ್ಬಾರ್ದಂತೆ.”

ಎಲ್ಲರೂ ನಕ್ಕರು. ಅಲ್ಲಿದ್ದವರಿಗೆಲ್ಲ ನಿನ್ನ ಕಥೆ ಬಾಯಿಪಾಠ. ಹೇಳಿಕೊಟ್ಟವಳು ನಾನೇ. ತೋಳದ್ದು, ಜನರಲ್ಲನದ್ದು, ಹೆಬ್ಬಾತಿನದ್ದು, ಒಂದೊಂದನ್ನೂ ನಗಿಸಿ ನಗಿಸಿ ಹೇಳಿದ್ದೆ. ಈಗ ಅಳುತ್ತಾ ಹೇಳಿದರೆ ಅವರಿಗೆ ಅದೂ ಅಭಿನಯದ ಹಾಗೆಯೇ ಕಂಡಿತು. ಅವನ ಅಣ್ಣ ಚಪ್ಪಾಳೆ ತಟ್ಟಿದ.

ಹೊರಗೆ ಕರೆದುಕೊಂಡು ಹೋಗಿ ಬೇಡಿಕೊಂಡೆ. ಒಂದು ಮಧ್ಯಾಹ್ನದ ಕೆಲಸ, ಈಗಲೇ ಮಾಡೋಣ ಎಂದೆ.

“ನಾಳೆ ನಮ್ಮಮ್ಮ ಮುಂದಿನ ಸಾಲಲ್ಲಿ ಕೂರ್ತಾಳೆ. ನನ್ನ ವಿಮಾನಾನ ಬಿಚ್ಚಿ ಹರಡ್ಕೊಂಡು ಏನಂತ ಹೇಳ್ಲಿ ಅವ್ಳಿಗೆ? ಹೆಂಡ್ತಿ ಆಗೋಳ ಕಡೆಯೋರು ಬೇಡ ಅಂದ್ರು ಅಂತಾನಾ?”

“ಹೌದು, ಹಂಗೇ ಹೇಳು.”

“ಒಂದೇ ಸಲ ಸೊಲಾಂಜ್. ಇಳಿದ್ಮೇಲೆ ಒಂದು ಗೇಣಲ್ಲ, ನಿಂಗೆ ಬೇಕಾದ್ರೆ ಎರಡು ಗೇಣು ಬಿಡೋಣ.”

ಮರುದಿನ ನಾನು ಹಾರಲಿಲ್ಲ. ಅವನು ಹೊರಡುವಾಗ ರೆಕ್ಕೆಯ ಅಂಚು ಹಿಡಿದುಕೊಂಡು ನಿಂತೆ. ಜನ ಕೂಗುತ್ತಿದ್ದರು. ಅವನು ಇಳಿದು ಬಂದು ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿದ, ಮೆತ್ತಗೆ, ಮುಳ್ಳು ತೆಗೆಯುವವನ ಹಾಗೆ. ಹಣೆಗೆ ಮುತ್ತು ಕೊಟ್ಟ. ಜನ ಅದಕ್ಕೂ ಕೂಗಿದರು.

ತುಂಬ ಎತ್ತರ ಹೋದ. ಮೂಗು ತಗ್ಗಿಸಿದ.

ಅವನ ಮೊಣಕೈ ನನಗೆ ಕಾಣುತ್ತಿತ್ತು ಮಾವ. ಎಳೆಯುತ್ತಿದ್ದ. ಕೊನೆಯವರೆಗೂ ಎಳೆಯುತ್ತಲೇ ಇದ್ದ. ಕೋಲು ಬಿಡು ಎಂದು ಕೂಗಿದೆ. ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಅವನ ಅಮ್ಮ ಅದೂ ಆಟವೆಂದುಕೊಂಡು ಕೈ ತಟ್ಟುತ್ತಿದ್ದಳು.

ಇಂದು ಮಣ್ಣು ಮಾಡಿದೆವು.

ಸೊಲಾಂಜ್


ಮೊಂಬ್ರಾಕ್
೧೯ ಜುಲೈ ೧೯೩೬

ಮಾವ,

ನೀನು ಬರೆದ ಪತ್ರಗಳೆಲ್ಲ ತಲುಪಿವೆ. ಉತ್ತರ ಕೊಡಲಿಲ್ಲ. ಅವುಗಳಲ್ಲಿ ಎಲ್ಲವೂ ನಿಜ. ಸಂದು, ಗಾಳಿ, ನಿನ್ನ ಕೈ, ನಿನ್ನ ತಪ್ಪು, ನಿನ್ನ ಜ್ವರ. ನೀನು ಹೀಗೆ ಬರೆಯುವುದನ್ನು ಓದಿದರೆ ನಿನ್ನನ್ನೂ ಮಣ್ಣು ಮಾಡಿದ ಹಾಗೆ ಅನ್ನಿಸುತ್ತದೆ.

ಅವನ ಅಮ್ಮ ನನ್ನನ್ನು ಹೋಗಲು ಬಿಡುತ್ತಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕೂತಿರುತ್ತೇವೆ. ಬೆಳ್ಳುಳ್ಳಿ ಸುಲಿಯುತ್ತೇವೆ, ಯಾರಿಗೂ ಬೇಕಾಗದಷ್ಟು ಬೆಳ್ಳುಳ್ಳಿ. ನಿನ್ನೆ ಅವಳು, “ನಿಮ್ಮ ಮಾವ ಕಥೆ ಹೇಳ್ತಾರಂತಲ್ಲ, ನನ್ನ ಮಗ ನಗ್ತಾ ಇದ್ದನಂತಲ್ಲ, ಒಂದು ಹೇಳಮ್ಮ” ಎಂದಳು. ನನಗೆ ಒಂದೂ ನೆನಪಾಗಲಿಲ್ಲ.

ನನಗೊಂದು ಸುಳ್ಳು ಬರೆದು ಕಳಿಸು ಮಾವ. ಅವನು ಬೀಳಲಿಲ್ಲ ಎಂದು ಬರೆ. ಓರ್ಮ್‌ವಿಲ್ ಮೇಲೆ ಬಂದ ಎಂದು ಬರೆ, ನೀನು ನೋಡಿದೆ ಎಂದು ಬರೆ. ನಾನು ನಂಬುತ್ತೇನೆ. ಅವಳಿಗೂ ಓದಿ ಹೇಳುತ್ತೇನೆ. ನಿನಗೆ ಬರುವ ಕೆಲಸ ಅದೊಂದೇ ಅಲ್ಲವೇ.

ಸೊಲಾಂಜ್


ಓರ್ಮ್‌ವಿಲ್
೨ ಆಗಸ್ಟ್ ೧೯೩೬

ಸೊಲಾಂಜ್,

ನಿನ್ನ ಪತ್ರ ಬಂದ ದಿನವೇ ಕೂತೆ. ಇದೇನು ಮಹಾ, ಸೂಪು ಆರುವುದರೊಳಗೆ ಮುಗಿಸುತ್ತೇನೆ ಎಂದುಕೊಂಡೆ.

ಹೀಗೆ ಶುರು ಮಾಡಿದೆ. ಸಂಜೆ. ಗೋಧಿ ಕೊಯ್ದು ಆಗಿದೆ, ಬಯಲೆಲ್ಲ ಕೂಳೆ. ಚರ್ಚಿನ ಗೋಪುರದ ಹಿಂದಿನಿಂದ ಎಂಜಿನ್ ಸದ್ದು. ತಗಡಿನ ಹುಂಜ ಕತ್ತು ತಿರುಗಿಸಿತು. ರೆಮಿ. ಅವನ ಕೆಂಪು ಕುತ್ತಿಗೆಪಟ್ಟಿ ಹಿಂದಕ್ಕೆ ಹಾರುತ್ತಿದೆ. ಬಾರ್ನಬೆ ಟೋಪಿ ಬೀಸಿದ, ಎರ್ನೆಸ್ತೀನ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇಲ್ಲಿಯವರೆಗೆ ಚೆನ್ನಾಗಿ ಬಂತು. ಆಮೇಲೆ ಅವನು ನಿನ್ನನ್ನು ಹುಡುಕಬೇಕಲ್ಲ. ಹುಡುಕಲು ಕೆಳಗೆ ನೋಡುತ್ತಾನೆ, ನೋಡಲು ಮೂಗು ತಗ್ಗಿಸುತ್ತಾನೆ. ತಗ್ಗಿಸಿದ ಕೂಡಲೇ ನನಗೆ ಗೊತ್ತಾಯಿತು. ಆ ವಿಮಾನದ ಅಳತೆ ನನ್ನ ಕೈಯದು. ಎಷ್ಟು ಬರೆದರೂ ಅವನನ್ನು ಮೇಲೆತ್ತಲು ನನ್ನಿಂದ ಆಗಲಿಲ್ಲ. ಹರಿದು ಹಾಕಿದೆ.

ಮರುದಿನ ಬೇರೆ ಥರ ಬರೆದೆ. ಈ ಸಲ ಅವನ ರೆಕ್ಕೆಗಳ ನಡುವೆ ಒಂದು ಗೇಣು ಜಾಸ್ತಿ. ಸಲೀಸಾಗಿ ಎದ್ದ. ಎದ್ದು ಗೋಪುರದ ಸುತ್ತ ಮೂರು ಸುತ್ತು ಹಾಕಿದ, ನನಗಿಂತ ಒಂದು ಹೆಚ್ಚು. ಆದರೆ ಆ ಗೇಣನ್ನು ಬಿಟ್ಟವರು ಯಾರು? ಅವನೇ ಬಿಟ್ಟಿರಬೇಕು, ಹಬ್ಬದ ಹಿಂದಿನ ದಿನ, ಅವನ ಅಮ್ಮನ ಅಂಗಳದಲ್ಲಿ. ಹಾಗಾದರೆ ಕಥೆ ಅಲ್ಲಿಂದ ಶುರುವಾಗಬೇಕು. ಪಾರ್ಸೆಲ್ ಬಂತು. ಅವನು ಬಿಚ್ಚಿದ, ಮರ ನೋಡಿದ, ನನ್ನ ಪತ್ರ ಓದಿದ. ಓದಿ, ನಗದೆ, ಗರಗಸ ತರಲು ಎದ್ದ.

ಆ ಜಾಗಕ್ಕೆ ಬಂದು ಲೇಖನಿ ನಿಂತಿದೆ ಮಗಳೇ. ಎಷ್ಟೋ ದಿನವಾಯಿತು, ಅಲ್ಲೇ ನಿಂತಿದೆ. ಬರಿಗೈಯಲ್ಲಿ ತೋಳ ಹಿಡಿದೆ ಎಂದು ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಜನರಲ್ಲನ ಮೀಸೆಯ ಬಣ್ಣ ಕೂಡ ಹೇಳಿದ್ದೆ. ಆದರೆ ನಾನು ಹೇಳಿದ ಒಂದು ಮಾತನ್ನು ಒಬ್ಬ ಮನುಷ್ಯ ನಂಬಿದ ಎಂದು ಬರೆಯಬೇಕು, ಆ ಒಂದು ಸುಳ್ಳು ನನಗೆ ಬರುತ್ತಿಲ್ಲ.

ಬಂದುಬಿಡು. ಅವನ ಅಮ್ಮನನ್ನೂ ಕರೆದುಕೊಂಡು ಬಾ, ಇಲ್ಲಿಯೂ ಬೆಳ್ಳುಳ್ಳಿ ಇದೆ. ಶನಿವಾರ ಸಂಜೆಯ ರೈಲಿಗೆ ಬಾರ್ನಬೆ ಲಾರಿ ತರುತ್ತಾನೆ. ನಾನು ಊರುಗೋಲು ಹಿಡಿದು ನಿಲ್ದಾಣದಲ್ಲಿ ನಿಂತಿರುತ್ತೇನೆ. ನಂಬು. ಶನಿವಾರ ಬರಲಾಗದಿದ್ದರೆ ಭಾನುವಾರ ನಿಂತಿರುತ್ತೇನೆ. ಭಾನುವಾರ ಆಗದಿದ್ದರೆ ಅದರ ಮರುದಿನ.

ಮಾವ